ಸೀಸೆಯ ಮೇಲಿನ ಲೇಬಲ್ಲು: ಬಿಡಿಸುವ ಬಗೆ, ಬಿಡಿಸಬಾರದ ಸಂದರ್ಭ

ಕೆಲವು ವರ್ಷಗಳ ಹಿಂದೆ ಕುಂದಲಹಳ್ಳಿಯ ನಮ್ಮ ಮನೆಗೆ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಬಂದಿದ್ದ. ಮಧ್ಯಾಹ್ನ ಬಾಯಾರಿ ಅಡುಗೆಮನೆಗೆ ಹೋದವನು ಸಿಂಕಿನ ಕೆಳಗಿದ್ದ ಕಿತ್ತಳೆ ಶರಬತ್ತಿನ ಸೀಸೆಯಿಂದ ಲೋಟಕ್ಕೆ ಒಂದಿಷ್ಟು ಬಗ್ಗಿಸಿ ನೀರು ಬೆರೆಸಿದ. ಸೀಸೆಯ ಮೇಲೆ ಕಿತ್ತಳೆ ಹಣ್ಣಿನ ಚಿತ್ರ ಅಚ್ಚುಕಟ್ಟಾಗಿಯೇ ಇತ್ತು. ಒಳಗಿದ್ದದ್ದು ನೀರು ಬೆರೆಸಿ ನೆಲ ಒರೆಸುವ ಹಳದಿ ಫಿನೈಲು. ಲೋಟದಲ್ಲಿದ್ದದ್ದು ಹಾಲಿನಂತೆ ಬೆಳ್ಳಗಾಗಿ ವಾಸನೆ ಮೂಗಿಗೆ ಬಡಿದಿದ್ದರಿಂದ ಹುಡುಗ ಕುಡಿಯಲಿಲ್ಲ. ಆ ಸೀಸೆಗೆ ಫಿನೈಲು ತುಂಬಿಟ್ಟವನು ನಾನೇ. ಲೇಬಲ್ಲು ಕೀಳಲು ಹೋಗಿ, ಅದು ಬಾರದೆ, ‘ಇರಲಿ ಬಿಡು’ ಎಂದು ಸುಮ್ಮನಾಗಿದ್ದೆ. ವಿಜ್ಞಾನದ ಪದವೀಧರ ಬೇರೆ!

ಹಳೆಯ ಸೀಸೆಗಳ ಮರುಬಳಕೆಯ ಬಗ್ಗೆ ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಲೇಬಲ್ಲಿನ ವಿಷಯಕ್ಕೆ ಎರಡು ನಿಮಿಷವೂ ಸಿಗಲಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ತಿಳಿಯಬೇಕಾದದ್ದು ಲೇಬಲ್ಲಿನ ಹಿಂದಿರುವ ಅಂಟು ಯಾವುದೆಂಬುದು. ಗೋಡೆಗೆ ಮೈದಾ ಅಂಟಿನಿಂದ ಹಚ್ಚಿದ ಸಿನಿಮಾ ಪೋಸ್ಟರು ಒಂದು ಜೋರು ಮಳೆಗೆ ಜೋತುಬೀಳುವುದನ್ನು ನೀವೆಲ್ಲ ನೋಡಿದ್ದೀರಿ. ಪಿಷ್ಟದ ಅಂಟಿನ ಸ್ವಭಾವವೇ ಅದು. ನೀರು ಹೀರಿ ಉಬ್ಬಿ ಹಿಡಿತ ಬಿಡುತ್ತದೆ. ಬಿಯರ್ ಸೀಸೆಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಇನ್ನೊಂದು ಅಂಟನ್ನು ಹಾಲಿನ ಪ್ರೋಟೀನಾದ ಕೇಸೀನಿನಿಂದ ಮಾಡುತ್ತಾರೆ. ಮಂಜುಗಡ್ಡೆಯ ನೀರಿನಲ್ಲಿಟ್ಟರೂ ಅದು ಬಿಡುವುದಿಲ್ಲ, ಆದರೆ ಬಿಸಿ ಕ್ಷಾರಕ್ಕೆ ಕರಗುತ್ತದೆ. ಸೀಸೆಗಳನ್ನು ಮರಳಿ ಪಡೆದು ತುಂಬುವ ಕಾರ್ಖಾನೆಗಳಲ್ಲಿ ಅವುಗಳನ್ನು ಶೇಕಡಾ 2ರಿಂದ 3ರಷ್ಟು ಕಾಸ್ಟಿಕ್ ಸೋಡಾ ಬೆರೆತ, 60ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ತೊಳೆಯುವುದು ಈ ಕಾರಣಕ್ಕೇ. ಮನೆಯಲ್ಲಿ ಕಾಸ್ಟಿಕ್ ಸೋಡಾದ ಸಹವಾಸ ಬೇಡ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಸಾಧಾರಣ ವಾಷಿಂಗ್ ಸೋಡಾ ಸಾಕು.

ಅದರಲ್ಲೂ ನಮ್ಮ ಕಡೆಯವರಿಗೆ ವಾಷಿಂಗ್ ಸೋಡಾ ಹೆಚ್ಚು ಉಪಯೋಗಿ. ಕುಂದಲಹಳ್ಳಿ, ವೈಟ್‌ಫೀಲ್ಡ್ ಸುತ್ತಮುತ್ತ ಅನೇಕ ಮನೆಗಳು ಕೊಳವೆಬಾವಿ ಅಥವಾ ಟ್ಯಾಂಕರ್ ನೀರನ್ನು ನೆಚ್ಚಿಕೊಂಡು ಬಂದಿವೆ. ಈ ನೀರು ಗಡಸು. ಇದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನನ್ನು ಹಿಡಿದು ಗಸಿ ಮಾಡುತ್ತವೆ, ನೊರೆ ಬರುವುದಿಲ್ಲ. ವಾಷಿಂಗ್ ಸೋಡಾ ಹಾಕಿದರೆ ಆ ಲವಣಗಳು ಬೇರ್ಪಟ್ಟು ನೀರೂ ಮೆದುವಾಗುತ್ತದೆ, ಅಂಟೂ ಸಡಿಲವಾಗುತ್ತದೆ. ಲೀಟರಿಗೆ ಒಂದು ಚಮಚ ಹಾಕಿ, ಸೀಸೆಯ ಒಳಗೂ ಅದೇ ನೀರು ತುಂಬಿ, ರಾತ್ರಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಲೇಬಲ್ಲು ತಾನೇ ತೇಲುತ್ತಿದ್ದರೂ ಆಶ್ಚರ್ಯವಿಲ್ಲ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ಕಪ್ಪಾಗಿಸುತ್ತದೆ. ಮುಚ್ಚಳವನ್ನೂ ತೆಗೆದಿಡಿ. ಕೈಗೆ ರಬ್ಬರ್ ಗವಸು ಇದ್ದರೆ ಒಳ್ಳೆಯದು. ಲೇಬಲ್ಲಿನ ಮೇಲೆ ಮಿರುಗುವ ಪ್ಲಾಸ್ಟಿಕ್ ಪದರವಿದ್ದರೆ ನೀರು ಒಳಗಿಳಿಯದು. ಉಗುರಿನಿಂದ ಆ ಪದರವನ್ನು ಅಲ್ಲಲ್ಲಿ ಕೆರೆದು ಆಮೇಲೆ ನೆನೆಹಾಕಬೇಕು.

ಇಷ್ಟಾದರೂ ಬಾರದ ಒಂದು ಜಾತಿಯಿದೆ. ಜಾಮು, ಜೇನುತುಪ್ಪದ ಸೀಸೆಗಳ ಮೇಲೆ ಇಂದು ಹೆಚ್ಚಾಗಿ ಕಾಣುವುದು ಸ್ಟಿಕ್ಕರ್. ಅದರ ಗೋಂದು ರಬ್ಬರಿನಂಥದ್ದು, ನೀರಿಗೆ ಜಗ್ಗುವುದಿಲ್ಲ. ಕಾಗದ ಮಾತ್ರ ಚೂರುಚೂರಾಗಿ ಬಂದು ಅಂಟಂಟು ಉಳಿಯುತ್ತದೆ. ನನ್ನ ಶರಬತ್ತಿನ ಸೀಸೆಯ ಕಥೆಯೂ ಅದೇ ಆಗಿತ್ತು. ಇದಕ್ಕೆ ಎರಡು ಉಪಾಯ. ಒಂದು, ಶಾಖ: ಸೀಸೆಯೊಳಗೆ ಬಿಸಿನೀರು ತುಂಬಿ ಐದು ನಿಮಿಷ ಬಿಟ್ಟು, ಮೂಲೆಯಿಂದ ನಿಧಾನವಾಗಿ ಎಳೆಯುವುದು. ಅವಸರ ಮಾಡಿದರೆ ಹರಿಯುತ್ತದೆ. ಇನ್ನೊಂದು, ಎಣ್ಣೆ: ಉಳಿದ ಗೋಂದಿಗೆ ಕೊಬ್ಬರಿ ಎಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಸವರಿ ಅರ್ಧ ಗಂಟೆ ಬಿಡಿ. ಜಿಡ್ಡಿನ ಜಾತಿಯ ವಸ್ತು ಜಿಡ್ಡಿನಲ್ಲೇ ಕರಗುತ್ತದೆ. ಹಲಸಿನ ಹಣ್ಣು ಬಿಡಿಸುವ ಮುನ್ನ ಕೈಗೆ ಎಣ್ಣೆ ಹಚ್ಚಿಕೊಳ್ಳುವ ನಮ್ಮ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಟಮಾರಿ ಗೋಂದಿಗೆ ನೀಲಗಿರಿ ಎಣ್ಣೆಯ ನಾಲ್ಕು ಹನಿ ಇನ್ನೂ ಚುರುಕು. ಪೆಟ್ರೋಲು, ಥಿನ್ನರುಗಳನ್ನು ಅಡುಗೆಮನೆಗೆ ತರಲೇಬೇಡಿ.

ಇನ್ನು ಸೀಸೆಯ ಕ್ಷೇಮ. ಸಾಮಾನ್ಯ ಗಾಜು ಒಂದು ಡಿಗ್ರಿ ಬಿಸಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಹಿಗ್ಗುತ್ತದೆ. ಪ್ರಯೋಗಶಾಲೆಯ ಬೊರೋಸಿಲಿಕೇಟ್ ಗಾಜು ಸುಮಾರು 3 ಪಾಲು ಮಾತ್ರ. ಫ್ರಿಜ್ಜಿನಿಂದ ತೆಗೆದ ಸೀಸೆಗೆ ಕುದಿನೀರು ಸುರಿದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗದು, ಆ ಎಳೆತಕ್ಕೆ ಗಾಜು ಬಿರಿಯುತ್ತದೆ. ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಕೈ ತಾಳುವಷ್ಟು ಬಿಸಿ. ಮರಳು, ಇಟ್ಟಿಗೆ ಪುಡಿ ಹಾಕಿ ಉಜ್ಜುವುದೂ ಬೇಡ. ಮರಳಿನ ಹರಳು ಗಾಜಿಗಿಂತ ಗಟ್ಟಿ. ಅದು ಎಳೆದ ಗೀರು ಕಣ್ಣಿಗೆ ಕಾಣದಿರಬಹುದು, ಆದರೆ ಮುಂದೊಮ್ಮೆ ಬಿರುಕು ಹೊರಡುವುದು ಅಲ್ಲಿಂದಲೇ. ತಂಪುಪಾನೀಯದ ಸೀಸೆಗಳ ಮೇಲಿನ ಬಣ್ಣದ ಅಕ್ಷರಗಳನ್ನು ಕುಲುಮೆಯ ಶಾಖದಲ್ಲಿ ಗಾಜಿಗೇ ಬೆಸೆದಿರುತ್ತಾರೆ. ಅವನ್ನು ಕೀಳಲು ಹೋದರೆ ಕೆಡುವುದು ಸೀಸೆಯೇ.

ಇಷ್ಟೆಲ್ಲ ಹೇಳಿದ ಮೇಲೂ, ಕೀಳಲೇಬಾರದ ಲೇಬಲ್ಲುಗಳಿವೆ. ಔಷಧಿ, ಆಸಿಡ್, ಫಿನೈಲು, ಕೀಟನಾಶಕದ ಸೀಸೆಗಳವು. ಕೀಟನಾಶಕದ ಲೇಬಲ್ಲಿನ ಮೇಲೆ ವಜ್ರಾಕಾರದ ಗುರುತಿದ್ದು, ಅದರ ಕೆಳಭಾಗ ಕೆಂಪಾಗಿದ್ದರೆ ಅತ್ಯುಗ್ರ ವಿಷ. ನಂತರ ಹಳದಿ, ನೀಲಿ, ಹಸಿರು. ಈ ಗುರುತು ಹೋದರೆ ಸೀಸೆಯ ಪೂರ್ವಾಶ್ರಮ ಯಾರಿಗೂ ತಿಳಿಯದು. ಗುಜರಿ ಅಂಗಡಿಯಲ್ಲಿ ಲೇಬಲ್ಲಿಲ್ಲದ ಅಂದದ ಸೀಸೆ ಕಂಡು ಉಪ್ಪಿನಕಾಯಿಗೆಂದು ಕೊಳ್ಳುವವರು ಇದನ್ನು ಯೋಚಿಸಬೇಕು. ಹಾಗೆಯೇ ಶರಬತ್ತಿನ ಸೀಸೆಗೆ ಫಿನೈಲು ತುಂಬುವುದು, ಲೇಬಲ್ಲು ಕಿತ್ತಿದ್ದರೂ, ತಪ್ಪೇ. ಮಗುವಿಗೆ ಅಕ್ಷರಕ್ಕಿಂತ ಸೀಸೆಯ ಆಕಾರವೇ ಗುರುತು.

ಒಂದು ವೇಳೆ ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ಸೀಸೆಯನ್ನು ಲೇಬಲ್ಲಿನ ಸಮೇತ ಜೊತೆಯಲ್ಲೇ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.