ದಕ್ಷಿಣ ಬೆಂಗಳೂರಿನ ಹಿತ್ತಿಲುಗಳಲ್ಲಿ ಸೂರಕ್ಕಿಯ ಜೀವನಕ್ರಮ

ಜಯನಗರದ ಹಳೆಯ ಮನೆಗಳಲ್ಲಿ ದಾಸವಾಳ, ಬಾಳೆ, ದಾಳಿಂಬೆಗಳು ಇನ್ನೂ ಉಳಿದಿರುವ ಕಡೆ ಬೆಳಗಿನ ಹೊತ್ತು ಸ್ವಲ್ಪಕಾಲ ನಿಂತು ನೋಡಿದವರಿಗೆ, ಹೆಬ್ಬೆರಳಿಗಿಂತ ತುಸುವೇ ದೊಡ್ಡದಾದ, ಕ್ಷಣಕಾಲವೂ ಸುಮ್ಮನಿರದ ಹಕ್ಕಿಯೊಂದು ಕಾಣದೆ ಇರುವುದು ಅಪೂರ್ವ. ಇದೇ ಸೂರಕ್ಕಿ. ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ‘ಹಮ್ಮಿಂಗ್ ಬರ್ಡ್’ ಎಂದು ಬರೆಯುವ ರೂಢಿಯಿದೆ; ಇದನ್ನು ತಿದ್ದಿಕೊಳ್ಳಬೇಕು. ಹಮ್ಮಿಂಗ್ ಹಕ್ಕಿಗಳ ನೆಲೆ ಅಮೆರಿಕ ಖಂಡಗಳು ಮಾತ್ರ. ಅವುಗಳ ಹತ್ತಿರದ ನಂಟು ‘ಸ್ವಿಫ್ಟ್’ ಎಂಬ ಬಾನಾಡಿಗಳೊಡನೆ. ಸೂರಕ್ಕಿಯಾದರೋ ಗುಬ್ಬಿ, ಕಾಗೆ, ಪಿಕಳಾರಗಳಿರುವ ಗಣಕ್ಕೆ ಸೇರಿದುದು. ಮಕರಂದವನ್ನು ಹೀರುವ ಒಂದೇ ಕಸುಬು ದೂರದ ಎರಡು ವಂಶಗಳಿಗೆ ಒಂದೇ ಬಗೆಯ ಕಿರುದೇಹವನ್ನೂ ನೀಳವಾದ ಕೊಕ್ಕನ್ನೂ ಒದಗಿಸಿತೆಂಬುದು ವಿಕಾಸಕ್ರಮದ ಒಂದು ಸ್ವಾರಸ್ಯ. ಹಮ್ಮಿಂಗ್ ಹಕ್ಕಿ ಗಾಳಿಯಲ್ಲಿ ನಿಂತು ಕುಡಿಯುತ್ತದೆ. ಸೂರಕ್ಕಿಗೂ ಅಷ್ಟಿಷ್ಟು ಆ ಕಲೆ ಬರುವುದಾದರೂ, ರೆಂಬೆಯ ಮೇಲೆ ಕುಳಿತು, ಬೇಕಾದರೆ ತಲೆಕೆಳಗಾಗಿ ಜೋತು, ಕುಡಿಯುವುದೇ ಅದರ ವಾಡಿಕೆ.

ಬೆಂಗಳೂರಿನಲ್ಲಿ ಮೂರು ಜಾತಿಯ ಸೂರಕ್ಕಿಗಳು ಕಾಣಬರುತ್ತವೆ. ಬೆಳೆದ ಗಂಡೆಲ್ಲ ಕಪ್ಪುಮಿಶ್ರಿತ ನೇರಳೆಯಾಗಿರುವುದು ಒಂದು. ಅದನ್ನೇ ಹೋಲುವ, ಆದರೆ ಕೊಕ್ಕು ಬಹಳ ಉದ್ದವಾಗಿ ಬಾಗಿರುವ ಲೋಟೆನ್ನನ ಸೂರಕ್ಕಿ ಎರಡನೆಯದು. ಇಲ್ಲಿ ನಾವು ವಿವರಿಸಹೊರಟಿರುವುದು ಹಿತ್ತಿಲಿಗೆ ಹೆಚ್ಚು ಒಗ್ಗಿರುವ ಮೂರನೆಯದನ್ನು, ಎಂದರೆ ನೇರಳೆ ಪೃಷ್ಠದ ಸೂರಕ್ಕಿಯನ್ನು. ೧೭೬೬ರಲ್ಲಿ ಲಿನ್ನೇಯಸ್ ಇದಕ್ಕೆ ಹೆಸರಿಟ್ಟಾಗ ಮರದ ತೊಗಟೆಯ ಮೇಲೆ ಹರಿದಾಡುವ ಹಕ್ಕಿಗಳ ಜಾತಿಗೆ ಸೇರಿಸಿ, ಸಿಂಹಳದ್ದೆಂಬ ಅರ್ಥದ ‘ಝೈಲೋನಿಕಾ’ ಎಂಬ ವಿಶೇಷಣವನ್ನು ಕೊಟ್ಟನು. ಜಾತಿ ಬದಲಾಗಿ ಈಗ ಅದು ‘ಲೆಪ್ಟೊಕೋಮಾ’ ಆಗಿದೆ, ವಿಶೇಷಣ ಉಳಿದುಕೊಂಡಿದೆ.

ಹಕ್ಕಿಯ ಉದ್ದ ೧೦ ಸೆಂಟಿಮೀಟರಿಗೂ ಕಡಮೆ. ಗಂಡಿನ ಬೆನ್ನು ಕಂದುಗೆಂಪು, ಹೊಟ್ಟೆ ಹಳದಿ, ನೆತ್ತಿ ಮತ್ತು ಹೆಗಲು ಹಸಿರು, ಗಂಟಲೂ ಪೃಷ್ಠವೂ ನೇರಳೆ. ಆದರೆ ನೆರಳಿನಲ್ಲಿ ಕುಳಿತ ಗಂಡನ್ನು ನೋಡಿದವನಿಗೆ ಈ ಹಸಿರು ನೇರಳೆಗಳು ಕಾಣದೆ ಬರಿಯ ಕಪ್ಪು ಕಾಣುತ್ತದೆ. ಕಾರಣವಿಷ್ಟೆ: ಹೊಟ್ಟೆಯ ಹಳದಿ ಗರಿಯೊಳಗಿನ ವರ್ಣದ್ರವ್ಯದಿಂದ ಬಂದುದು, ನೆತ್ತಿಯ ಹೊಳಪಾದರೋ ಗರಿಯ ಎಳೆಗಳಲ್ಲಿ ಪದರಪದರವಾಗಿ ಜೋಡಿಸಿದ ಅತಿಸೂಕ್ಷ್ಮ ಕಣಗಳಿಂದ ಬೆಳಕು ಪ್ರತಿಫಲಿಸುವಾಗ ಹುಟ್ಟುವುದು. ಸಾಬೂನಿನ ಗುಳ್ಳೆಯ ಮೇಲೆ ಬಣ್ಣಗಳು ಆಡುವುದೂ ಇಂಥ ಬೆಳಕಿನ ಆಟವೇ. ಹೆಣ್ಣಿಗೆ ಈ ವೈಭವವಿಲ್ಲ. ಮೇಲೆ ಮಾಸಲು ಕಂದು, ಗಂಟಲು ಬಿಳುಪು, ಎದೆ ತಿಳಿಹಳದಿ.

ಮಕರಂದ ಇದರ ಮುಖ್ಯ ಆಹಾರ. ಕೊಳವೆಯಂತೆ ಸುರುಳಿಗೊಂಡ ನಾಲಗೆಯಿಂದ ಅದನ್ನು ಹೀರುವಾಗ ಹಣೆಗೆ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಮರಗಳ ಮೇಲೆ ಬೆಳೆಯುವ ಬದನಿಕೆಯ ಹೂಗಳಿಗೂ ಇದು ಪರಾಗವಾಹಕ. ಆ ಸಸ್ಯದ ಬೀಜವನ್ನು ಬೇರೆ ಮರಕ್ಕೆ ಅಂಟಿಸುವುದು ಮತ್ತೊಂದು ಕಿರುಹಕ್ಕಿಯ ಕೆಲಸ. ಆದರೆ ಸೂರಕ್ಕಿ ಯಾವಾಗಲೂ ಪ್ರಾಮಾಣಿಕವೆಂದು ತಿಳಿಯಬಾರದು. ಹೂವಿನ ಕೊಳವೆ ಕೊಕ್ಕಿಗಿಂತ ಉದ್ದವಾದರೆ ಬುಡವನ್ನು ಚುಚ್ಚಿ ಮಕರಂದವನ್ನು ಕದ್ದುಬಿಡುತ್ತದೆ. ಹೂವಿಗೆ ದಕ್ಕುವುದು ಏನೂ ಇಲ್ಲ. ಮರಿಗಳಿಗೆ ಮಾತ್ರ ಮಕರಂದ ಸಾಲದು. ಸಣ್ಣ ಹುಳುಗಳನ್ನು ಹಿಡಿದು ತರಲೇಬೇಕು. ಕೀಟನಾಶಕ ಸಿಂಪಡಿಸಿದ ತೋಟದಲ್ಲಿ ಹೂವೆಷ್ಟೇ ಇದ್ದರೂ ಈ ಕೊರತೆ ತುಂಬದು.

ಗೂಡುಕಟ್ಟುವ ಹೊಣೆ ಬಹುತೇಕ ಹೆಣ್ಣಿನದೇ. ಗಂಡು ಜೊತೆಯಲ್ಲಿ ಹಾರಾಡುತ್ತ, ‘ಟ್ಸಿಟ್, ಟ್ಸಿಟ್’ ಎಂದು ಉಲಿಯುತ್ತ, ಕಾರಿನ ಕನ್ನಡಿಯಲ್ಲಿ ಕಂಡ ತನ್ನ ಬಿಂಬವನ್ನೇ ಎದುರಾಳಿಯೆಂದು ಬಗೆದು ಕುಟ್ಟುತ್ತ ಕಾಲಕಳೆಯುವುದೂ ಉಂಟು. ಗೂಡು ರೆಂಬೆಯ ತುದಿಗೋ, ಮುಂಬಾಗಿಲ ತಂತಿಗೋ, ಬಟ್ಟೆ ಒಣಹಾಕುವ ಹಗ್ಗಕ್ಕೋ ತೂಗುಬಿದ್ದ ಚೀಲ. ನಾರು ಕಡ್ಡಿಗಳನ್ನು ಜೇಡನ ನೂಲಿನಿಂದ ಬಿಗಿದು, ಹೊರಗೆ ಕಲ್ಲುಹೂ, ತೊಗಟೆಯ ಚೂರು, ಒಣಬೀಜಗಳನ್ನು ಅಂಟಿಸಿರುವುದರಿಂದ ಕಸದ ಗಂಟೊಂದು ನೇತಾಡುವಂತೆ ತೋರುತ್ತದೆ. ಶತ್ರುವಿನ ಕಣ್ಣು ತಪ್ಪಿಸಲು ಒದಗುವ ಈ ವೇಷವೇ ಗೃಹಿಣಿಯ ಪೊರಕೆಗೆ ಆಹ್ವಾನವೂ ಆಗುತ್ತದೆ! ಗೌರಿಹಬ್ಬದ ಮುಂಚೆ ಬಲೆ ಹೊಡೆಯುವಾಗ ಗೂಡೂ ಹೋಗುತ್ತದೆ, ಮುಂದಿನ ಗೂಡಿಗೆ ಬೇಕಾದ ನೂಲೂ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ೧೪ರಿಂದ ೧೬ ದಿನ ಕಾವು. ಬಳಿಕ ಸುಮಾರು ೧೭ ದಿನಕ್ಕೆ ಮರಿಗಳು ಹೊರಬೀಳುತ್ತವೆ. ಎಂದರೆ ಮೊಟ್ಟೆಯಿಟ್ಟಂದಿನಿಂದ ಮನೆಯವರು ತಾಳ್ಮೆಯಿಂದಿರಬೇಕಾದುದು ಒಂದು ತಿಂಗಳ ಮೇಲೆ ಕೆಲವು ದಿನ ಮಾತ್ರ.

ಗೂಡಿನ ಒಳಹಾಸಿಗೆ ಹೆಚ್ಚಾಗಿ ಎಕ್ಕದ ಬೀಜದ ರೇಷ್ಮೆಯಂಥ ಹತ್ತಿಯಿಂದಾದುದು. ಎಕ್ಕವೆಂಬುದು ಸೂರ್ಯವಾಚಕವಾದ ‘ಅರ್ಕ’ದ ತದ್ಭವ, ರಥಸಪ್ತಮಿಯಂದು ಏಳು ಎಲೆ ಬೇಕಾದಾಗ ನಮ್ಮ ಹಿರಿಯರು ಖಾಲಿ ನಿವೇಶನಕ್ಕೆ ಹೋಗುತ್ತಿದ್ದುದು ಹಲವರಿಗೆ ನೆನಪಿರಬಹುದು. ೧೯೪೮ರಲ್ಲಿ ಅಸ್ತಿಭಾರ ಬಿದ್ದ ಜಯನಗರದಲ್ಲಾಗಲಿ, ಅನಂತರ ಬೆಳೆದ ಬನಶಂಕರಿ, ಜೆ. ಪಿ. ನಗರಗಳಲ್ಲಾಗಲಿ, ಭೈರಸಂದ್ರ-ತಾವರೆಕೆರೆ-ಮಡಿವಾಳಗಳ ಮೊದಲಕ್ಷರಗಳಿಂದ ಹೆಸರುಪಡೆದ ಬಿ. ಟಿ. ಎಂ. ಬಡಾವಣೆಯಲ್ಲಾಗಲಿ ಅಂಥ ನಿವೇಶನಗಳು ಈಗ ವಿರಳ. ಹೂವಿನ ಕುಂಡಗಳನ್ನು ಬಾಲ್ಕನಿಯಲ್ಲಿ ಸಾಲಾಗಿ ಇಟ್ಟು ಹಕ್ಕಿಯನ್ನು ಕರೆಯಬಹುದು. ಅದು ಬಂದು ಕುಡಿದೂ ಹೋಗುತ್ತದೆ. ಸಂಸಾರ ಹೂಡಲು ಬೇಕಾದುದು ನಾವು ಕಳೆಯೆಂದು ಕಿತ್ತೆಸೆಯುವ ಗಿಡ, ಕೊಳೆಯೆಂದು ಗುಡಿಸುವ ಬಲೆ, ಪೀಡೆಯೆಂದು ಕೊಲ್ಲುವ ಹುಳು.

ಸಾಲಿಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗಾಗಿ ಊರೂರು ತಿರುಗಿದರು. ನಮ್ಮ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಾಗಿಲ್ಲ. ಯಾವ ಹೂವಿನ ಬಾಯಿಗೆ ಕೊಕ್ಕಿಟ್ಟಿತು, ಯಾವುದರ ಬುಡವನ್ನು ಚುಚ್ಚಿತು, ಗಂಟೆಗೆ ಎಷ್ಟು ಸಲ ಹುಳು ತಂದಿತು, ಅದರಲ್ಲಿ ಗಂಡಿನ ಪಾಲೆಷ್ಟು, ಇವಿಷ್ಟನ್ನು ಗುರುತುಹಾಕಿಕೊಳ್ಳಬೇಕು. ಗೂಡನ್ನು ಮುಟ್ಟಬಾರದು. ಕೈಗಡಿಯಾರ, ನೋಟುಪುಸ್ತಕ, ಹದಿನೈದು ಅಡಿ ದೂರದಲ್ಲಿ ಒಂದು ಕುರ್ಚಿ ಇದ್ದರೆ ಸಾಕು.