ಬಯಕೆಯ ಸಿಹಿ: ಜತ್ತ ಸೀಮೆಯ ಶರದೃತುವಿನ ತಿನಿಸುಗಳು

ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಅವಧಿಯನ್ನು ಶರದೃತುವೆಂದು ಕರೆಯುವುದು ನಮ್ಮ ಪಂಚಾಂಗದ ರೂಢಿ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಗೂ ಸ್ಥಾನವಿದೆ. ಆದ್ದರಿಂದ ಹಳಗನ್ನಡ ಕಾವ್ಯವನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ಶರತ್ಕಾಲದ ತಿಳಿನೀರು, ಬಿಳಿಮೋಡ, ಬೆಳ್ದಿಂಗಳು, ಹಂಸಗಳ ದನಿ ಇವೆಲ್ಲ ಪರಿಚಿತವಾದವು. ಆದರೆ ಋತುವನ್ನು ಗುರುತಿಸುವುದು ಕಣ್ಣು ಮಾತ್ರವಲ್ಲ, ನಾಲಗೆಯೂ ಹೌದು. ಯಾವ ತಿಂಗಳಲ್ಲಿ ಯಾವ ಸಿಹಿಯನ್ನು ಮಾಡುತ್ತಾರೆ, ಅದನ್ನು ಮೊದಲು ಯಾರಿಗೆ ಬಡಿಸುತ್ತಾರೆ ಎಂಬುದನ್ನು ಗಮನಿಸಿದರೆ ಒಂದು ಸೀಮೆಯ ಬದುಕಿನ ಕ್ರಮವೇ ತೆರೆದುಕೊಳ್ಳುತ್ತದೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಇದಕ್ಕೆ ಉತ್ತಮ ನಿದರ್ಶನ.

ಜತ್ತ ಹಿಂದೆ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ಬಿಜಾಪುರ ಏಜೆನ್ಸಿಗೆ ಸೇರಿದ್ದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದು ಮಹಾರಾಷ್ಟ್ರದಲ್ಲಿದ್ದರೂ ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಕನ್ನಡವೇ ಮನೆಮಾತಾಗಿ ಉಳಿದಿದೆ. ಪೇಟೆಯ ಮಾತು ಮರಾಠಿ, ಹೊಲದ ಮಾತು ಕನ್ನಡ ಎಂಬ ಈ ದ್ವಿಭಾಷಾ ಸ್ಥಿತಿ ಅಡುಗೆಮನೆಯಲ್ಲಿಯೂ ಕಾಣುತ್ತದೆ.

ಸುಗ್ಗಿಗೆ ಮುಂಚಿನ ಸಿಹಿ

ಜಗತ್ತಿನ ಅನೇಕ ಕಡೆಗಳಲ್ಲಿ ಶರತ್ಕಾಲದ ಸಿಹಿಯೆಂದರೆ ಸುಗ್ಗಿಯ ಸಿಹಿ. ಅಮೆರಿಕದಲ್ಲಿ ಕುಂಬಳಕಾಯಿಯ ಪೈ, ಇಂಗ್ಲೆಂಡಿನಲ್ಲಿ ಸೇಬಿನ ತಿನಿಸುಗಳು, ಚೀನಾದಲ್ಲಿ ಎಂಟನೆಯ ಚಾಂದ್ರಮಾಸದ ಹುಣ್ಣಿಮೆಗೆ ಹಂಚುವ ಮೂನ್‌ಕೇಕ್, ಇವೆಲ್ಲ ಬೆಳೆ ಕೈಸೇರಿದ ಸಂತೋಷಕ್ಕೆ ಸಂಬಂಧಿಸಿದವು. ಜತ್ತ ಸೀಮೆಯ ಸ್ಥಿತಿ ಇದಕ್ಕಿಂತ ಭಿನ್ನ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ತಾಲೂಕಿಗೆ ಮುಂಗಾರು ಕೈಕೊಡುವುದೇ ಹೆಚ್ಚು. ಇಲ್ಲಿನ ರೈತ ನೆಚ್ಚುವುದು ಉತ್ತರಿ, ಹಸ್ತ, ಚಿತ್ತಿ ಮಳೆಗಳನ್ನು. ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಬೀಳುವ ಮಳೆಯನ್ನು. ಎರೆ ಭೂಮಿ ಹೀರಿಕೊಂಡ ಆ ತೇವದಲ್ಲಿಯೇ ಹಿಂಗಾರಿಯ ಬಿಳಿಜೋಳ ಮೊಳೆತು ಬೆಳೆಯಬೇಕು.

ಶರತ್ಕಾಲಕ್ಕೆ ಮುಂಗಾರಿಯ ಸಜ್ಜೆ ಮನೆಗೆ ಬಂದಿರುತ್ತದೆ. ಶೇಂಗಾ ಕಿತ್ತು ರಾಶಿ ಹಾಕಿರುತ್ತಾರೆ. ಆದರೆ ವರ್ಷದ ರೊಟ್ಟಿಯನ್ನು ನಿರ್ಧರಿಸುವ ಜೋಳ ಆಗತಾನೆ ಗೇಣುದ್ದ ಎದ್ದಿರುತ್ತದೆ. ದ್ರಾಕ್ಷಿ ತೋಟಗಳಲ್ಲಿಯೂ ಇದು ಬಳ್ಳಿಯನ್ನು ಕತ್ತರಿಸುವ ಚಾಟಣಿಯ ಕಾಲ. ಹಣ್ಣು ಸಿಗುವುದು ಮಾಘ, ಫಾಲ್ಗುಣಗಳಲ್ಲಿ. ಹೀಗೆ ಇಲ್ಲಿನ ಶರದೃತು ಪಡೆದುದಕ್ಕಿಂತ ಕಾಯುವುದೇ ಹೆಚ್ಚಿರುವ ಋತು. ಇಲ್ಲಿನ ಸಿಹಿತಿನಿಸುಗಳ ಅರ್ಥವೂ ಆ ಕಾಯುವಿಕೆಯಲ್ಲಿದೆ.

ಘಟ ಮತ್ತು ಕಡಾಕಣಿ

ಆಶ್ವಯುಜ ಶುದ್ಧ ಪಾಡ್ಯದಂದು ಘಟಸ್ಥಾಪನೆಯಾಗುತ್ತದೆ. ಹೊಲದ ಮಣ್ಣನ್ನು ತಂದು, ಅದರಲ್ಲಿ ಬಗೆಬಗೆಯ ಧಾನ್ಯಗಳನ್ನು ಬಿತ್ತಿ, ನಡುವೆ ನೀರಿನ ಗಡಿಗೆಯನ್ನಿಡುತ್ತಾರೆ. ಒಂಬತ್ತು ದಿನಗಳಲ್ಲಿ ಮೊಳಕೆ ಎಷ್ಟು ಹುಲುಸಾಗಿ ಬಂದಿತೆಂಬುದನ್ನು ಹಿರಿಯರು ಗಮನಿಸುತ್ತಾರೆ. ದೇವಿಯ ಪೂಜೆಯಾಗಿರುವ ಈ ಆಚರಣೆ, ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಬೀಜದ ಕಸುವನ್ನು ಅರಿಯುವ ಒಂದು ಬಗೆಯೂ ಆಗಿದೆ.

ಈ ಘಟದ ಮೇಲೆ ತೂಗುವ ತಿನಿಸು ಕಡಾಕಣಿ. ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ ಭಾಗಗಳಲ್ಲಿ ಇದು ನವರಾತ್ರಿಯ ವಿಶಿಷ್ಟ ನೈವೇದ್ಯ. ಬೆಲ್ಲದ ಅಥವಾ ಸಕ್ಕರೆಯ ನೀರಿನಲ್ಲಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಕರಿಯುತ್ತಾರೆ. ಉರಿ ಹೆಚ್ಚಾದರೆ ಸಿಹಿಯ ಅಂಶ ಬೇಗ ಕಪ್ಪಾಗುತ್ತದೆ; ಕಡಿಮೆಯಾದರೆ ಪುರಿ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಸರಿಯಾಗಿ ಕರಿದ ಕಡಾಕಣಿ ಹಲವು ದಿನ ಗರಿಯಾಗಿಯೇ ಉಳಿಯುವುದರಿಂದ ದಾರದಲ್ಲಿ ಪೋಣಿಸಿ ತೂಗಲು ಬರುತ್ತದೆ. ದಸರೆಯ ನಂತರ ಅದನ್ನು ಇಳಿಸಿ ಮಕ್ಕಳಿಗೆ ಹಂಚುವುದೇ ಒಂದು ಸಂಭ್ರಮ.

ಒಂದೇ ಹುಣ್ಣಿಮೆ, ಎರಡು ಹೆಸರು

ದಸರೆಯಾಗಿ ಐದು ದಿನಕ್ಕೆ ಬರುವ ಆಶ್ವಯುಜ ಹುಣ್ಣಿಮೆ ಈ ಗಡಿಸೀಮೆಯನ್ನು ಅರಿಯಲು ಬಹಳ ಮುಖ್ಯವಾದುದು. ಮರಾಠಿಯಲ್ಲಿ ಇದು ಕೋಜಾಗಿರಿ. ಕನ್ನಡದಲ್ಲಿ ಶೀಗಿ ಹುಣ್ಣಿಮೆ. ಯಾರು ಎಚ್ಚರವಾಗಿದ್ದಾರೆಂದು ಲಕ್ಷ್ಮಿಯು ಆ ರಾತ್ರಿ ಕೇಳುತ್ತ ಸಂಚರಿಸುತ್ತಾಳೆಂಬ ನಂಬಿಕೆಯಿಂದ ಕೋಜಾಗಿರಿ ಎಂಬ ಹೆಸರು ಬಂದಿದೆ. ಅಂದು ಹಾಲನ್ನು ಚೆನ್ನಾಗಿ ಕಾಯಿಸಿ ಗಟ್ಟಿಯಾಗಿಸಿ, ಸಕ್ಕರೆ, ಏಲಕ್ಕಿ, ಜಾಜಿಕಾಯಿ, ಕೇಸರಿ, ಚಾರೋಳಿ, ಬಾದಾಮಿಗಳನ್ನು ಬೆರೆಸಿ, ಬೆಳ್ದಿಂಗಳಿನಲ್ಲಿಟ್ಟು ಕುಡಿಯುತ್ತಾರೆ. ಸಾಂಗಲಿಯ ಹೆಸರಾಂತ ಒಣದ್ರಾಕ್ಷಿಯನ್ನು ಹಾಕುವುದಾದರೆ ತೊಳೆದು ಕೊನೆಯಲ್ಲಿ ಹಾಕಬೇಕು. ಅದರ ಹುಳಿಯಿಂದ ಕುದಿಯುವ ಹಾಲು ಒಡೆಯುವ ಸಂಭವವಿದೆ. ಶರತ್ಕಾಲದಲ್ಲಿ ಪಿತ್ತ ಕೆರಳುತ್ತದೆ, ಆಗ ಮಧುರವೂ ಶೀತವೂ ಆದ ಆಹಾರ ಹಿತಕರ ಎಂದು ಚರಕಸಂಹಿತೆಯ ಋತುಚರ್ಯೆ ಹೇಳುತ್ತದೆ. ಹಗಲು ಸೂರ್ಯನಿಂದ ಕಾದು ಇರುಳು ಚಂದ್ರನಿಂದ ತಂಪಾದ ಶರತ್ಕಾಲದ ನೀರನ್ನು ಅದು ಹಂಸೋದಕವೆಂದು ಕೊಂಡಾಡುತ್ತದೆ. ಬೆಳ್ದಿಂಗಳ ಹಾಲು ಈ ಕಲ್ಪನೆಗೆ ಹತ್ತಿರವಾಗಿದೆ.

ಶೀಗಿ ಹುಣ್ಣಿಮೆಯ ಕಲ್ಪನೆ ಬೇರೆ. ಇಲ್ಲಿ ಉಣ್ಣುವವಳು ಭೂಮಿ. ಬೀಜವನ್ನು ಒಡಲಲ್ಲಿ ಧರಿಸಿದ ಹೊಲವನ್ನು ಬಸುರಿಯೆಂದು ಭಾವಿಸಿ, ಹೆಣ್ಣುಮಗಳಿಗೆ ಕುಬಸದಲ್ಲಿ ಬಯಕೆಯ ಊಟ ಬಡಿಸುವಂತೆ ನೆಲಕ್ಕೆ ಉಣಬಡಿಸುತ್ತಾರೆ. ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಪುಂಡಿಪಲ್ಯ, ಮೊಸರನ್ನ ಮೊದಲಾದವನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಎಡೆಯನ್ನು ಮುರಿದು ಬೆರೆಸಿ, ಹೊಲದ ಸುತ್ತಲೂ ಚೆಲ್ಲುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಭೂಮಿ ಉಂಡ ಮೇಲೆ ಮನೆಯವರು, ನೆರೆಹೊಲದವರು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮಲೆನಾಡಿನಲ್ಲಿ ಇದೇ ದಿನ ಭೂಮಿ ಹುಣ್ಣಿಮೆ ನಡೆಯುತ್ತದೆ. ಅಲ್ಲಿಯ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆಯನ್ನು ಗದ್ದೆಗೆ ಒಯ್ಯುತ್ತಾರೆ. ಮಲೆನಾಡಿನ ಬತ್ತಕ್ಕೂ ಬಯಲುಸೀಮೆಯ ಜೋಳಕ್ಕೂ ಬಯಕೆ ಒಂದೇ ಎಂಬುದು ಇದರಿಂದ ತಿಳಿಯುತ್ತದೆ.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಇಲ್ಲಿ ದೋಹದವೆಂಬ ಕವಿಸಮಯ ನೆನಪಾಗಬೇಕು. ಅಶೋಕವು ತರುಣಿಯ ಪಾದದ ಒದೆತದಿಂದ, ಬಕುಲವು ಅವಳ ಬಾಯಿಯ ಮದ್ಯದಿಂದ ಹೂಬಿಡುತ್ತವೆಂದು ಕವಿಗಳು ವರ್ಣಿಸಿದರು. ದೋಹದವೆಂದರೆ ಬಸುರಿಯ ಬಯಕೆ. ಮರಾಠಿಯ ಡೋಹಾಳೆ ಎಂಬ ಮಾತು ಅದರಿಂದಲೇ ಬಂದುದು. ಕವಿಗಳು ಉದ್ಯಾನದ ಮರಗಳಲ್ಲಿ ಕಂಡ ಬಯಕೆಯನ್ನು ರೈತರು ಇಡೀ ಹೊಲದಲ್ಲಿ ಕಂಡರು. ಕವಿಯ ದೋಹದ ವರ್ಣನೆಯಲ್ಲಿ ಮುಗಿಯುತ್ತದೆ. ರೈತನ ಚರಗಕ್ಕೆ ಮಾತ್ರ ಮಳೆಯ ಉತ್ತರ ಬೇಕಾಗುತ್ತದೆ.

ಹೂರಣದೊಳಗಿನ ಭಾಷೆ

ಈ ತಿನಿಸುಗಳ ಹೆಸರುಗಳು ಭಾಷೆಯ ಇತಿಹಾಸವನ್ನೂ ಕಾಪಾಡಿಕೊಂಡಿವೆ. ತುಂಬುವುದು ಎಂಬ ಅರ್ಥದ ಸಂಸ್ಕೃತದ ಪೂರಣ ಕನ್ನಡದಲ್ಲಿ ಹೂರಣವಾಯಿತು. ಪಾಲ್ ಹಾಲಾದಂತೆ, ಪೂ ಹೂವಾದಂತೆ, ಹಳಗನ್ನಡದ ಪದಾದಿಯ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾದ ಬದಲಾವಣೆಗೆ ಇದೊಂದು ಉದಾಹರಣೆ. ಪೋಳಿಗೆ ಹೋಳಿಗೆಯಾದುದೂ ಹೀಗೆಯೇ. ಮರಾಠಿಯ ಪುರಣಪೋಳಿಯಲ್ಲಿ ಆ ಪಕಾರ ಇಂದಿಗೂ ಉಳಿದಿದೆ. ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದೇ ತಿನಿಸನ್ನು ಹೋಳಿಗೆಯೆಂದೂ ಪೋಳಿಯೆಂದೂ ಕರೆಯುವಾಗ, ಕನ್ನಡದ ಒಂದು ಧ್ವನಿಬದಲಾವಣೆಯ ಹಿಂದುಮುಂದಿನ ರೂಪಗಳೆರಡೂ ಕಿವಿಗೆ ಬೀಳುತ್ತವೆ.

ಹೂರಣವನ್ನು ಮಾಡುವ ಕ್ರಮದಲ್ಲಿಯೂ ಜಾಣತನವಿದೆ. ಕಡಲೆಬೇಳೆ ಬೆರಳಿನಿಂದ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದ ಮೇಲೆಯೇ ಬೆಲ್ಲ ಹಾಕಬೇಕು. ಬೆಲ್ಲ ಬಿದ್ದ ಮೇಲೆ ಬೇಳೆ ಮೆತ್ತಗಾಗುವುದಿಲ್ಲ. ಬೇಳೆಯಿಂದ ಬಸಿದ ನೀರು ಕಟ್ಟು. ಅದರಿಂದ ಕಟ್ಟಿನ ಸಾರು. ಮರಾಠಿ ಮನೆಗಳ ಕಟಾಚಿ ಆಮಟಿಯೂ ಇದೇ. ಸಜ್ಜೆಯ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ; ಅದಕ್ಕಾಗಿ ಅದನ್ನು ಬಿಸಿನೀರಿನಲ್ಲಿ ನಾದಿ ಕಡುಬು ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಇಂತಹ ಪಾಕಜ್ಞಾನ ಕನ್ನಡ ಸಾಹಿತ್ಯಕ್ಕೆ ಹೊರತಾದುದಲ್ಲ. ಮೂರನೆಯ ಮಂಗರಸನ ಸೂಪಶಾಸ್ತ್ರವು ಹಿಟ್ಟಿನ ತಿನಿಸುಗಳ ವಿಧಾನವನ್ನು ಪದ್ಯದಲ್ಲಿಯೇ ನಿರೂಪಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ಮಾನಸೋಲ್ಲಾಸದಲ್ಲಿಯೂ ಅನ್ನಭೋಗವೆಂಬ ಭಾಗವಿದೆ.

ದೀಪಾವಳಿಯಿಂದ ಗೌರಿ ಹುಣ್ಣಿಮೆಗೆ

ದೀಪಾವಳಿಯ ತಿನಿಸುಗಳಿಗೆ ಈ ಸೀಮೆಯಲ್ಲಿ ಫರಾಳವೆಂಬ ಹೆಸರೇ ಬಳಕೆಯಲ್ಲಿದೆ. ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿ, ಬೇಸನ್ ಉಂಡಿ, ಚಿರೋಟಿ ಇವೆಲ್ಲ ನೀರಿನಂಶ ಕಡಿಮೆಯಿರುವ, ಹಲವು ದಿನ ಕೆಡದ ತಿನಿಸುಗಳು. ಜೋಳದಲ್ಲಿ ಎಡೆ ಹೊಡೆಯುವ ಕೆಲಸ ಸಾಗಿರುವಾಗ ದಿನವೂ ಸಿಹಿ ಮಾಡುವಷ್ಟು ಬಿಡುವಿರುವುದಿಲ್ಲ. ಒಮ್ಮೆ ಮಾಡಿ ಡಬ್ಬಿಯಲ್ಲಿಟ್ಟರೆ ಬಂದವರಿಗೆಲ್ಲ ಒದಗುತ್ತದೆ. ಗುಡ್ಡದ ಬದಿಯ ಸೀತಾಫಲ ಹಣ್ಣಾಗುವುದೂ ಈ ದಿನಗಳಲ್ಲಿಯೇ. ಹಸಿ ಶೇಂಗಾವನ್ನು ಉಪ್ಪುನೀರಿನಲ್ಲಿ ಕುದಿಸಿ ತಿನ್ನುವುದು, ಹುರಿದ ಶೇಂಗಾಕ್ಕೆ ಬೆಲ್ಲ ಕಚ್ಚಿಕೊಳ್ಳುವುದು ಇವು ಹಬ್ಬಕ್ಕೆ ಕಾಯದ ಸಣ್ಣ ಸುಖಗಳು.

ಕಾರ್ತಿಕ ಹುಣ್ಣಿಮೆ ಉತ್ತರ ಕರ್ನಾಟಕದ ಮನೆಗಳಿಗೆ ಗೌರಿ ಹುಣ್ಣಿಮೆ. ಅಂದಿನ ಸಿಹಿ ಸಕ್ಕರೆ ಆರತಿ. ಸಕ್ಕರೆಯ ಪಾಕಕ್ಕೆ ಸ್ವಲ್ಪ ಹಾಲು ಹಾಕಿ, ಮೇಲೆ ಬಂದ ಕಸರನ್ನು ತೆಗೆದು, ನೀರಿನಲ್ಲಿ ನೆನೆಸಿದ ಮರದ ಅಚ್ಚುಗಳಿಗೆ ಹೊಯ್ದರೆ ಆನೆ, ಒಂಟೆ, ಬಸವಣ್ಣ, ತೇರುಗಳು ಬಿಳಿಯ ಗೊಂಬೆಗಳಾಗಿ ಹೊರಬರುತ್ತವೆ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ನಿಶ್ಚಯವಾದ ಹೆಣ್ಣಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಸಕ್ಕರೆಯನ್ನು ಅಚ್ಚಿಗೆ ಹೊಯ್ಯುವ ಇದೇ ಕುಶಲತೆ ಮರಾಠಿ ಸೀಮೆಯಲ್ಲಿ ಯುಗಾದಿಯ ಗಾಠಿಗಳಾಗಿ ಚೈತ್ರದಲ್ಲಿ ಕಾಣುತ್ತದೆ.

ಮಳೆ ಬಾರದ ವರ್ಷ

ಈ ಸಿಹಿಗಳನ್ನು ಕೇವಲ ಸಂಭ್ರಮವೆಂದು ಕಂಡರೆ ಅವುಗಳ ಅರ್ಥ ಅರ್ಧವೇ ಉಳಿಯುತ್ತದೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಹಳ್ಳಿಗಳ ಜನ ಕಲ್ಲು ಒಡೆಯುವ, ಕೆರೆ ತೋಡುವ ಕಾಮಗಾರಿಗಳಿಗೆ ಹೋದರು. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳವನ್ನು ಉಂಡರು. ಕಾಮಗಾರಿಯ ಸ್ಥಳದಲ್ಲಿ ಹಂಚಿದ ಸುಕಡಿಯೇ ಅನೇಕ ಮಕ್ಕಳಿಗೆ ಆ ಕಾಲದ ಸಿಹಿಯಾಯಿತು. 1977ರಲ್ಲಿ ಕಾಯಿದೆಯಾದ ರಾಜ್ಯದ ಉದ್ಯೋಗ ಖಾತರಿ ಯೋಜನೆಯ ಹಿಂದೆ ಆ ಬರದ ಅನುಭವವಿದೆ. ಬಿತ್ತಿದ ಬೀಜ ಮೊಳೆಯದ ವರ್ಷ ಯಾವ ಒಡಲಿನ ಬಯಕೆಗೆ ಚರಗ ಚೆಲ್ಲುವುದು? ಹೋಳಿಗೆಯ ಬದಲು ಒಂದು ರೊಟ್ಟಿ, ಬೆಲ್ಲದ ಒಂದು ಚೂರನ್ನಾದರೂ ನೆಲಕ್ಕಿಟ್ಟು ಬರುವವರ ನಂಬಿಕೆಯಲ್ಲಿ ಈ ಆಚರಣೆಯ ಗಟ್ಟಿತನವಿದೆ.

ಇಂದು ಬದಲಾವಣೆ ಇನ್ನೊಂದು ದಿಕ್ಕಿನಿಂದಲೂ ಬಂದಿದೆ. ಕೃಷ್ಣೆಯ ನೀರನ್ನು ಎತ್ತಿ ತರುವ ಮ್ಹೈಸಾಳ ಯೋಜನೆ ತಾಲೂಕಿನ ಕೆಲವು ಭಾಗಗಳನ್ನು ತಲುಪಿದೆ. ದ್ರಾಕ್ಷಿ, ದಾಳಿಂಬೆಗಳು ಜೋಳದ ಹೊಲವನ್ನು ಹಂಚಿಕೊಂಡಿವೆ. ನೀರು ಬಂದುದು ಒಳಿತೇ. ಆದರೆ ಜೋಳ ಹಿಂದೆ ಸರಿದಂತೆ ಅದರೊಂದಿಗಿದ್ದ ಮಾತುಗಳೂ ಸರಿಯುತ್ತವೆ. ಫರಾಳ ಅಂಗಡಿಯಲ್ಲಿ ಸಿಗುತ್ತದೆ, ಚರಗ ಸಿಗುವುದಿಲ್ಲ. ಹೊಲಕ್ಕೆ ಹೋಗದ ಮನೆಯಲ್ಲಿ ಚರಗ, ಕುಬಸ, ಕಟ್ಟು, ಹಸ್ತಿ ಮಳೆ ಮುಂತಾದ ಪದಗಳು ಒಂದು ತಲೆಮಾರಿನಲ್ಲಿಯೇ ಅಪರಿಚಿತವಾಗಬಲ್ಲವು.

ಶರದೃತು ಮುಗಿಯುವುದು ಕಾರ್ತಿಕ ಅಮಾವಾಸ್ಯೆಗೆ. ಈ ಛಟ್ಟಿ ಅಮಾವಾಸ್ಯೆಯಂದು ಗುಡ್ಡಾಪುರದಲ್ಲಿ ಶರಣೆ ದಾನಮ್ಮನ ಜಾತ್ರೆ. ವಿಜಯಪುರ, ಬಾಗಲಕೋಟೆ ಕಡೆಗಳಿಂದ ಅಸಂಖ್ಯ ಭಕ್ತರು ಗಡಿಯನ್ನು ದಾಟಿ ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಅವರಿಗೆ ದಾಸೋಹ ನಡೆಯುತ್ತದೆ. ಘಟದ ಮಣ್ಣಿನಲ್ಲಿ ಬೀಜವಿಟ್ಟು ಆರಂಭವಾದ ಋತು, ಹಾದಿಯಲ್ಲಿ ಬಂದವರಿಗೆ ಅನ್ನವಿಕ್ಕಿ ಮುಗಿಯುತ್ತದೆ. ಆ ವೇಳೆಗೆ ಜೋಳ ಮೊಣಕಾಲು ದಾಟಿ ನಿಂತಿರುತ್ತದೆ. ಸೀತನಿ ತಿನ್ನುವ ದಿನಗಳು ಇನ್ನೂ ಮುಂದಿರುತ್ತವೆ.

ಕನ್ನಡವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಈ ಋತು ಒಂದು ತೆರೆದ ಗ್ರಂಥ. ರಜೆಯಲ್ಲಿ ಊರಿಗೆ ಹೋದಾಗ ಆಯಿಯ ಬಳಿ ಕುಳಿತು, ಈ ತಿನಿಸಿಗೆ ಏನೆನ್ನುತ್ತಾರೆ, ಇದನ್ನು ಮೊದಲು ಯಾರಿಗೆ ಇಡುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡರೆ ಸಾಕು. ಮೊದಲನೆಯದರ ಉತ್ತರದಲ್ಲಿ ಭಾಷೆಯಿರುತ್ತದೆ, ಎರಡನೆಯದರಲ್ಲಿ ಬದುಕಿರುತ್ತದೆ.