ಒಂದೇ ಉರಿಯಿಂದ ಮೂರು ಕೆಲಸ

ವಾನಳ್ಳಿಯ ತೋಟದ ಮನೆಗಳಲ್ಲಿ ಅಡಿಕೆ ಬೇಯಿಸುವ ಕಾಲದಲ್ಲಿ, ಉರಿಯ ಎಷ್ಟು ಪಾಲು ಹಂಡೆಗೆ ಸೇರಿತು, ಎಷ್ಟು ಹೊಗೆಯೊಡನೆ ಹೋಯಿತು ಎಂದು ಲೆಕ್ಕವಿಡುವವರು ವಿರಳ. ಕಟ್ಟಿಗೆಯಾದರೋ ಬಹುಮಟ್ಟಿಗೆ ಹೆಂಗಸರ ತಲೆಹೊರೆಯಲ್ಲಿಯೇ ಬರತಕ್ಕದ್ದು.

ವಿದ್ಯುತ್ತನ್ನು ಉಂಟುಮಾಡುವ ಚಿಕ್ಕ ಎಂಜಿನ್ನಿನಲ್ಲಿಯೂ ಇಂಥ ನಷ್ಟವುಂಟು. ಇಂಧನದ ಶಾಖದಲ್ಲಿ ಸುಮಾರು ಕಾಲು ಪಾಲು ಮಾತ್ರ ವಿದ್ಯುತ್ತಾಗುವುದು. ಉಳಿದುದು ಬಿಸಿನೀರಿನಲ್ಲಿಯೂ ಹೊಗೆಯಲ್ಲಿಯೂ ಕಳೆದುಹೋಗುವುದು. ಆ ಶಾಖವನ್ನು ಹಿಡಿದಿಟ್ಟರೆ ಅಡಿಕೆಯನ್ನು ಒಣಗಿಸಬಹುದು. ಅದರಿಂದಲೇ ಅಮೋನಿಯಾ ಬೆರೆತ ನೀರನ್ನು ಕಾಯಿಸಿದರೆ ಅಮೋನಿಯಾ ಬೇರ್ಪಟ್ಟು, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಸುತ್ತಣ ಶಾಖವನ್ನು ಹೀರುವುದು. ಹೀಗೆ ಹಾಲನ್ನೂ ಔಷಧವನ್ನೂ ತಂಪಾಗಿಡಬಹುದು.

1988ರಲ್ಲಿ ಕುಣಿಗಲ್ ತಾಲೂಕಿನ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿಗೆಯ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ಬೆಳಕನ್ನಿತ್ತರು. ಇಂಥ ಯಂತ್ರಕ್ಕೆ ಶಾಖವನ್ನೂ ತಂಪನ್ನೂ ಜೋಡಿಸುವ ಮುನ್ನ ಪರೀಕ್ಷೆ ಅವಶ್ಯ. ಹಾಕಿದ ಇಂಧನವನ್ನು ತೂಗಿ, ಮೂರು ಫಲಗಳನ್ನೂ ಬೇರೆಬೇರೆಯಾಗಿ ಅಳೆಯಬೇಕು. ಪೂರ್ಣ ಹೊರೆಯಲ್ಲಿ ಮಾತ್ರವಲ್ಲ, ಅರ್ಧ ಹೊರೆಯಲ್ಲಿಯೂ ಅಳೆಯಬೇಕು. ಅಡಿಕೆಯ ಸುಗ್ಗಿ ಮುಗಿದ ಮೇಲೆ ಆ ಶಾಖಕ್ಕೆ ಕೆಲಸವಿಲ್ಲದಿದ್ದರೆ ಉಳಿತಾಯವು ಕಾಗದದ ಮೇಲಷ್ಟೇ ಉಳಿಯುವುದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಈ ಪರೀಕ್ಷೆಯನ್ನು ನಿಮ್ಮ ಒಲೆಯಿಂದಲೇ ಆರಂಭಿಸಿರಿ: ಒಂದು ವಾರ ಕಟ್ಟಿಗೆಯನ್ನು ತೂಗಿ ಬರೆದಿಡಿರಿ.